ಮಾಡಿನ ಇಳಿಜಾರು, ಗಾಲಿಯ ಇಳಿಜಾರು

ಬುಧವಾರ, ಊಟವಾದ ಮೇಲೆ

ಪ್ರೀತಿಯ ರಸಮಟ್ಟ,

ಕರ್ತನ ಕೃಪೆ ನಿನ್ನ ಮೇಲಿರಲಿ. ಜೊತೆಗೆ ಒಂದಿಷ್ಟು ಬುದ್ಧಿಯೂ ಇರಲಿ.

ಪಕ್ಕದ ಬೀದಿಯಲ್ಲಿದ್ದುಕೊಂಡು ಕಾಗದ ಬರೀತಾನಲ್ಲ, ಇವನಿಗೇನು ಬಂತು ಅಂತ ನೀನು ಗೊಣಗುವುದು ಇಲ್ಲಿಗೇ ಕೇಳಿಸುತ್ತಿದೆ. ಮತ್ತೇನು ಮಾಡಲಿ? ಫೋನ್ ಎತ್ತುವುದಿಲ್ಲ. ಮನೆಗೆ ಬಂದರೆ ಮಲಗಿದ್ದಾರೆ ಅಂತ ತಂಗಿಯ ಬಾಯಲ್ಲಿ ಹೇಳಿಸುತ್ತೀ. ಪಾಪ, ನಿನ್ನ ಹೆಂಡತಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಹೇಳುವಾಗ ನನ್ನ ಚಪ್ಪಲಿ ನೋಡುತ್ತಾಳೆ. ಮಲಗಿದವನನ್ನು ಎಬ್ಬಿಸಬಹುದು, ಮಲಗಿದಂತೆ ನಟಿಸುವವನನ್ನಲ್ಲ. ಕಾಗದವಾದರೆ ದಿಂಬಿನ ಕೆಳಗೆ ತುರುಕಿದರೂ ಚುಚ್ಚುತ್ತಿರುತ್ತದೆ.

ಮಗಳ ಮದುವೆಗೆ ಚರ್ಚಿಗೆ ಬರುವುದಿಲ್ಲ ಎಂದು ಹಟ ಹಿಡಿದಿದ್ದೀ. ಸೊಂಟದ ಆಪರೇಷನ್ ಆದಮೇಲೆ ನಿನ್ನ ಕಾಲುಗಳು ಕೈಕೊಟ್ಟವು, ನಿಜ. ಚರ್ಚಿನ ಮುಂದೆ ಏಳು ಮೆಟ್ಟಿಲುಗಳಿವೆ, ಅದೂ ನಿಜ. ಮೀಸೆ ಚಿಗುರುವ ವಯಸ್ಸಿನಲ್ಲಿ ರಸಮಟ್ಟ ಇಟ್ಟು ಮಟ್ಟ ನೋಡಿ ಅವನ್ನು ಕಟ್ಟಿದವನು ನೀನೇ. ಗಾಲಿ ಕುರ್ಚಿ ಸಮೇತ ನಾಲ್ಕು ಜನ ಸೇರಿ ಎತ್ತಿಕೊಂಡು ಹೋಗುತ್ತೇವೆ ಎಂದಾಗ ನೀನು ಹೇಳಿದ್ದು ನನಗೆ ಬಾಯಿಪಾಠವಾಗಿದೆ: “ನಾಲ್ಕು ಜನ ನನ್ನ ಹೊರೋದು ಒಂದೇ ಸಲ. ಅವತ್ತು ನೋಡೋಕೆ ನಾನಿರಲ್ಲ. ಅಲ್ಲೀವರೆಗೂ ಯಾರೂ ಮುಟ್ಟಬೇಡಿ.”

ಮಾತು ಗಟ್ಟಿಯಾಗಿದೆ. ಪಾದ್ರಿಗಳು ಕೂಡ ತಲೆದೂಗಿದರು. ಆದರೆ ಲೆಕ್ಕ ತಪ್ಪು.

ಹಾಸಿಗೆ ಹಿಡಿದ ಗೆಳೆಯನನ್ನು ನಾಲ್ವರು ಹೊತ್ತು ತಂದು, ಬಾಗಿಲಲ್ಲಿ ಜನ ಕಿಕ್ಕಿರಿದಿದ್ದಾರೆಂದು ಮನೆಯ ಮೇಲಿನ ಮಾಡು ಕಿತ್ತು, ಯೇಸುವಿನ ಮುಂದೆ ಇಳಿಸಿದ ಕಥೆ ನಾವಿಬ್ಬರೂ ಚಡ್ಡಿ ಹಾಕುವಾಗಿಂದ ಕೇಳಿದ್ದೇವೆ. ಹೆಂಚು ಹೊದಿಸಿ ಹೊಟ್ಟೆ ಹೊರೆದ ನನಗೆ ಆ ಕಥೆಯಲ್ಲಿ ಮೊದಲಿಂದ ಒಂದೇ ಚಿಂತೆ: ಆಮೇಲೆ ಆ ಮಾಡು ರಿಪೇರಿ ಮಾಡಿದವರು ಯಾರು? ಪಾದ್ರಿಗಳ ಯಾವ ಪ್ರಸಂಗದಲ್ಲೂ ಯಾರೂ ಹೇಳಲಿಲ್ಲ. ಈ ಸಲ ನಿನ್ನಿಂದಾಗಿ ಕಥೆಯ ಇನ್ನೊಂದು ಮೂಲೆ ಕಣ್ಣಿಗೆ ಬಿತ್ತು. ಪ್ರಭು ನೋಡಿದ್ದು ಆ ನಾಲ್ವರ ನಂಬಿಕೆಯನ್ನು. ಎದ್ದು ನಡೆದದ್ದು ಮಲಗಿದ್ದವನು. ಜಮಾ ಒಬ್ಬರ ಹೆಸರಲ್ಲಿ, ಪಾವತಿ ಇನ್ನೊಬ್ಬರಿಗೆ! ವ್ಯಾಪಾರದಲ್ಲಿ ಹೀಗೆ ಮಾಡಿದರೆ ಜೈಲು. ಗೆಳೆತನದಲ್ಲಿ ಮಾಡಿದರೆ ಅದೇ ಭಕ್ತಿ. ನಿನ್ನ ನಂಬಿಕೆ ಬತ್ತಿದೆ ಅಂತ ತಂಗಿ ಅಳುತ್ತಾಳೆ. ಬತ್ತಲಿ ಬಿಡು, ಸದ್ಯಕ್ಕೆ ನನ್ನದು ನಡೆಯುತ್ತದೆ.

ಆದರೂ ನಿನ್ನ ಮರ್ಯಾದೆ ನನಗೆ ಗೊತ್ತು. ಹೊರುವುದು ಬೇಡ ಎಂದು ನೀನಂದೆ, ಬಿಟ್ಟೆವು. ಮೆಟ್ಟಿಲ ಪಕ್ಕದಲ್ಲಿ ಕುರ್ಚಿ ಏರುವಂತೆ ಇಳಿಜಾರು ಮಾಡೋಣ ಎಂದು ನಾನಂದೆ. ಎಲ್ಲರೂ ಭೇಷ್ ಎಂದರು. ಹಲಗೆ ಹೊಡೆದು ನಾನೇ ನಿಲ್ಲಿಸಿದೆ. ನಿನ್ನಷ್ಟೇ ತೂಕ ಅಂತ ಪಾದ್ರಿಗಳನ್ನು ಕುರ್ಚಿಯಲ್ಲಿ ಕೂರಿಸಿದೆವು. ನಿನ್ನ ಅಳಿಯನಾಗುವವನು, ಬೇಕರಿಯಲ್ಲಿ ಹಿಟ್ಟಿನ ಮೂಟೆ ಹೊರುವ ಆಳು, ತಳ್ಳಿ ತಳ್ಳಿ ಬಾಗಿಲ ತನಕ ಮುಟ್ಟಿಸಿ, ಬೆವರೊರೆಸಲು ಒಂದು ಕ್ಷಣ ಕೈಬಿಟ್ಟ ನೋಡು! ಪಾದ್ರಿಗಳು ಹಿಮ್ಮುಖವಾಗಿ ಸರ್ರನೆ ಇಳಿದು ಗುಲಾಬಿ ಪಾತಿಯಲ್ಲಿ ನಿಂತರು. ಮೈಯೆಲ್ಲ ಮುಳ್ಳು. “ಪ್ರಾರ್ಥನೆ ಮಾಡೋಕೂ ಪುರುಸೊತ್ತು ಕೊಡಲಿಲ್ಲವಲ್ಲಪ್ಪ ನೀನು” ಅಂದರು, ಅಷ್ಟೇ. ತಂಗಿ ಮಾತ್ರ ಹಲಗೆಯನ್ನು ಮೇಲಿಂದ ಕೆಳಗೆ ನೋಡಿ, “ಅಣ್ಣಾ, ನೀವು ಕಟ್ಟಿರೋದು ದಾರಿಯಲ್ಲ, ಮಾಡು. ಮಳೆನೀರಿಗಾದ್ರೆ ತುಂಬಾ ಚೆನ್ನಾಗಿದೆ” ಅಂದಳು.

ಹುಟ್ಟಿದಾಗಿಂದ ನೀರು ಬೇಗ ಇಳಿಯಲಿ ಅಂತಲೇ ಕಟ್ಟಿದ ಕೈ ನನ್ನದು. ಮನುಷ್ಯ ಮೆಲ್ಲಗೆ ಏರಲಿ ಅಂತ ಕಟ್ಟುವುದು ಅದಕ್ಕೆಲ್ಲಿ ಗೊತ್ತು? ನೀನಿದ್ದಿದ್ದರೆ ಕೊಳವೆಯ ರಸಮಟ್ಟವೂ ಬೇಡ, ಒಂದು ಕಣ್ಣು ಮುಚ್ಚಿ ನೋಡಿ “ಲೇ ಹೆಂಚು, ಕೊಲೆ ಕೇಸಾಗುತ್ತೆ, ತೆಗಿಯೋ” ಅನ್ನುತ್ತಿದ್ದೆ. ಹಲಗೆ ಕಿತ್ತೆವು. ಈಗ ಇಟ್ಟಿಗೆಯಲ್ಲೇ, ಗೋಡೆಗುಂಟ ಉದ್ದಕ್ಕೆ ಹೋಗಿ ಒಂದು ತಿರುವು ತೆಗೆದುಕೊಂಡು ಬಾಗಿಲಿಗೆ ಸೇರುವಂತೆ ಕಟ್ಟಿದ್ದೇವೆ. ಗುಲಾಬಿ ಪಾತಿ ಅರ್ಧ ಹೋಯಿತು. ಪಾದ್ರಿಗಳಿಗೆ ಅದರ ಮೇಲೆ ಹೆಚ್ಚು ಪ್ರೀತಿ ಉಳಿದಿಲ್ಲ. ಕೆಲಸವೆಲ್ಲ ಮುಗಿದಿದೆ. ನಿನ್ನ ಕುರ್ಚಿಯನ್ನು ನೀನೇ ಉರುಳಿಸಿಕೊಂಡು ಬರಬಹುದು. ಒಂದು ಬೆರಳೂ ತಾಗುವುದಿಲ್ಲ.

ಇನ್ನೊಂದು ವಿಷಯ. ನೀನು ಬರದಿದ್ದರೆ ಮಗಳನ್ನು ಒಳಗೆ ನಾನು ಕರೆದುಕೊಂಡು ಹೋಗಬೇಕು ಅಂತ ನಿನ್ನ ಅಕ್ಕಂದಿರು ತೀರ್ಮಾನಿಸಿದ್ದರು. ನಾನು ಆಗುವುದಿಲ್ಲ ಎಂದೆ. ಮಗಳು ನನಗಿಂತ ಖಡಕ್ಕು. “ಬೇಡ ಮಾಮ. ಅಪ್ಪ ಬರದಿದ್ರೆ ಒಬ್ಬಳೇ ನಡೀತೀನಿ. ಆ ಪಕ್ಕ ಖಾಲಿ ಇರ್ಲಿ, ಎಲ್ಲರೂ ನೋಡ್ಲಿ” ಅಂದಳು. ಹಟದಲ್ಲಿ ನಿನ್ನದೇ ಅಚ್ಚು. ಗೆಳೆಯನ ಜಾಗದಲ್ಲಿ ಹೋಗಿ ನಿಲ್ಲುವುದು ಸುಲಭ, ಹೊಸ ಕೋಟೂ ಸಿಗುತ್ತಿತ್ತು. ನನಗೆ ಬೇಕಾದ್ದು ಆ ಜಾಗಕ್ಕೆ ನೀನು ಬರುವ ದಾರಿ.

ನನ್ನವಳು ತೀರಿಕೊಂಡ ವಾರ ನೆನಪಿದೆಯೇ? ಬಂದವರೆಲ್ಲ ಪ್ರಾರ್ಥನೆ ಮಾಡಿ, ಒಳ್ಳೆಯ ಮಾತಾಡಿ ಹೋದರು. ನೀನು ಒಂದು ಮಾತೂ ಆಡದೆ ಅಡುಗೆಮನೆಗೆ ನುಗ್ಗಿ ರಾಶಿ ಬಿದ್ದ ಪಾತ್ರೆ ತೊಳೆದೆ. ಬಾಣಲೆ ತಳ ಇನ್ನೂ ಕಪ್ಪಗಿತ್ತು, ಅದು ಬೇರೆ ಮಾತು. ಗೆಳೆಯ ಅಂತ ಪ್ರಭು ತನ್ನವರನ್ನು ಯಾಕೆ ಕರೆದ ಅನ್ನುವುದು ಅವತ್ತು ನನಗೆ ಅರ್ಥವಾಯಿತು. ಯಾರೂ ಬೇಡ ಅನಿಸಿದ್ದರೂ ಅಂದು ನಾನು ನಿನಗೆ ಬಾಗಿಲು ತೆರೆದೆ. ಈಗ ನಿನ್ನ ಸರದಿ.

ಇಂತಿ,
ಸುಮ್ಮನೆ ಹೋಗುವ ಜಾಯಮಾನವಲ್ಲದ ನಿನ್ನ
ಹೆಂಚು

ಮಡಿಸುವ ಮುನ್ನ: ಕೆಲಸವೆಲ್ಲ ಮುಗಿದಿದೆ ಎಂದು ಬರೆದೆನಲ್ಲ, ಮೇಲಿನ ಗಾರೆ ಬಿಟ್ಟು. ಬೇರೆ ಮೇಸ್ತ್ರಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ನೆಲ ನುಣುಪು ಮಾಡುವವನು ಯಾವ ಕಾಲದಲ್ಲಿ ನಿಂತು ಕೆಲಸ ಮಾಡಿದ್ದಾನೆ? ಕೂತು ಮಾಡುವ ಕೆಲಸಕ್ಕೆ ಕಾಲು ಬೇಡ, ಕೈ ಬೇಕು; ಎರಡು ಕೈಯೂ ನಿನಗಿವೆ. ತಂಗಿ ನಿನ್ನ ಗಾರೆ ಬಳಿಯುವ ಕರಣೆಯ ತುಕ್ಕು ತಿಕ್ಕಿ ತೆಗೆದು ಹೊಸಿಲ ಪಕ್ಕ ಇಟ್ಟಿದ್ದಾಳೆ, ಹೋಗಿ ನೋಡು. ಶನಿವಾರ ಬೆಳಗಿನ ತಿಂಡಿ ಮುಗಿಯುತ್ತಲೇ ಸಿಮೆಂಟು ಕಲಸುತ್ತೇನೆ. ನಾನು ಎಷ್ಟು ದಿನ ಬೇಕಾದರೂ ಕಾದೇನು. ಕಲಸಿದ ಸಿಮೆಂಟು ಯಾರ ಹಟಕ್ಕೂ ಕಾಯುವುದಿಲ್ಲ ಅನ್ನುವುದನ್ನು ನನಗೆ ಕಲಿಸಿದವನು ನೀನು.