ಅಟ್ಟದಾಗ ಬಿಟ್ಟ ಗಾಳಿ

ಪಾರ್ವತಿನಗರ, ಬಳ್ಳಾರಿ
18-11-2024, ರಾತ್ರಿ

ಪ್ರೀತಿಯ ಅವ್ವಾ,

ಆರಾಮ ಅದೀಯಲ್ಲ? ಮಣ್ಣು ಮಾಡಿ ಬಂದು ವರ್ಷ ಆತು, ಇನ್ನೂ ಹಿಂಗ ಕೇಳ್ತಾನ ನೋಡು ಅಂತ ನಗಬ್ಯಾಡ. ಮೊಣಕಾಲ ನೋವು ಅಲ್ಲಿಗೂ ಬಂದೈತೇನು? ನಿನ್ನ ಹಳೇ ಫೋನ್ ನಂಬರಿಗೇ ಮಾತಾಡಿ ಕಳಸಾಕತ್ತೀನಿ. ತಂಗಿ ಗೌತಮಿ ಮಲಗ್ಯಾಳ, ಅದಕ್ಕ ಮೆಲ್ಲಕ ಮಾತಾಡ್ತೀನಿ.

ನಿನ್ನ ಮಗಳು ಜೀನ್ಸ್ ಹೊಲಿಯಾಕ ಹೋಗ್ತಾಳ, ನಾನು ಜೀನ್ಸ್ ತೊಳಿಯೋ ಯೂನಿಟ್ಟಿಗೆ. "ಅಣ್ಣಾ, ನಾ ಹೊಲದಿದ್ದರ ಬಣ್ಣ ನೀ ಕೆಡಸ್ತೀ" ಅಂತ ದಿನಾ ಕಾಡಸ್ತಿದ್ಲು. ಈ ಕಾರ್ತಿಕ ಹಿಡದಾಗಿಂದ ಆ ಮಾತಿಲ್ಲ. ಮುಂಜಾನಿ ಎದ್ರ ತಲಿ ಸಿಡೀತೈತಿ, ವಾಂತಿ ಬಂದಂಗ ಆಗ್ತೈತಿ ಅಂತಿದ್ಲು. ನನಗೂ ಹಂಗ. ಕೆಲಸದ ಧೂಳು ಅಂದ್ಕೊಂಡ್ವಿ. ಆದ್ರ ಬೆಳಗಾಗೋ ಹೊತ್ತಿಗೆ ನೀ ಬರ್ತಿದ್ದಿಯಲ್ಲ, ಅದನ್ನ ನಾವಿಬ್ರೂ ಒಬ್ರಿಗೊಬ್ರು ಹೇಳಿರ್ಲಿಲ್ಲ. ಮೊದ್ಲು ಸೀಗೇಕಾಯಿ ವಾಸನಿ. ಆಮ್ಯಾಲ ಗೋಡಿ ಬುಡಕ್ಕ ನೀ ತೊಯ್ದ ಕೂದ್ಲ ಬಿಡಸ್ಕೋತ ಕೂತಿರ್ತಿದ್ದಿ. ಎದ್ದು ಬರಬೇಕಂದ್ರ ನನ್ನ ಕಾಲು ಏಳ್ತಿರ್ಲಿಲ್ಲ. ಹೆದ್ರಿಕಿ ಅಲ್ಲ, ಹಾಯಿ ಅನಸ್ತಿತ್ತು. ಒಂದಿನ ಗೌತಮಿನೇ ಬಾಯಿ ಬಿಟ್ಲು: "ಅಣ್ಣಾ, ಅವ್ವ ನನ್ನ ಕರೀತಾಳ. ಬಾ, ತಲಿ ಎರೀತೀನಿ ಅಂತಾಳ." ಅವತ್ತೇ ಆ ವಾಸನಿ ಎಲ್ಲಿಂದ ಬರ್ತೈತಿ ಅಂತ ಹುಡುಕಾಕ ಹತ್ತಿದೆ.

ಮನಿ ಮಾಲಕಿ ಲಕ್ಷ್ಮೀಬಾಯಿಯವ್ರು ಕಾರ್ತಿಕ ಸ್ನಾನ ಅಂತ ಕತ್ತಲಿದ್ದಾಗೇ ಗ್ಯಾಸ್ ಗೀಜರ್ ಹಚ್ಚಿ, ಸೀಗೇಕಾಯಿ ಹಾಕಿ ಎರಕೋತಾರ. ಅವರ ಬಚ್ಚಲಕ್ಕೂ ನಮ್ಮ ಕೋಣಿಗೂ ಒಂದೇ ಅಟ್ಟ. ಏಣಿ ಹಾಕಿ ಹತ್ತಿ ನೋಡಿದೆ. ಬಚ್ಚಲದ ಹಬಿ ಎಳಿಯೋ ಫ್ಯಾನಿನ ಪೈಪು ಹೊರಗ ಹೋಗೇ ಇಲ್ಲ. ಅಟ್ಟದಾಗ ನಮ್ಮ ಹಾಸಿಗಿ ಮ್ಯಾಲಿನ ಹಲಗಿ ಸಂದಿಗೆ ಬಾಯಿ ಇಟ್ಟು ನಿಂತೈತಿ. ಕೇಳಿದ್ರ ಆಯಮ್ಮ ಅಂದ್ರು: "ಹಿತ್ತಲದಾಗ ಮಡಿ ಬಟ್ಟಿ ಒಣಗ್ತಾವಪ್ಪಾ, ಬಚ್ಚಲದ ಗಾಳಿ ತಾಕಬಾರದು. ಅಟ್ಟದಾಗ ಯಾರಿರ್ತಾರ, ಹೇಳು."

ಗೀಜರಿನ ಹೊಗಿ ವಾಸನಿ ಇಲ್ಲದ ವಿಷ, ಇಲ್ಲದ್ದನ್ನ ತೋರಸ್ತೈತಿ, ನಿದ್ದಿಯಾಗೇ ಜೀವ ತಗೀತೈತಿ ಅಂತ, ಗೌತಮಿನ್ನ ಕರಕೊಂಡು ಹೋದಾಗ ದವಾಖಾನಿಯಾಗ ಹೇಳಿದ್ರು. ಅಂದ್ರ ಬರ್ತಿದ್ದಾಕಿ ನೀನಲ್ಲ. ಪೈಪು ತಿರಗಿಸಿದ್ರ ನೀ ಬರಂಗಿಲ್ಲ, ಬಿಟ್ರ ಗೌತಮಿ ಉಳಿಯಂಗಿಲ್ಲ. ಡ್ರಿಲ್ ಕೈಯಾಗ ತಗೊಂಡೆ ಅವ್ವಾ. ಓಣಿ ಕಡಿ ಗೋಡಿ ಕೊರದು, ಪೈಪು ಹೊರಗ ಬಿಟ್ಟು, ಗುಬ್ಬಿ ಹೊಗಬಾರ್ದಂತ ಜಾಳಿಗಿ ಬಡದೆ. ಹಲಗಿ ಸಂದಿಗೂ ಸಿಮೆಂಟ್ ಮೆತ್ತಿದೆ. ಮರುದಿನ ತಲಿನೋವಿಲ್ಲ, ವಾಸನಿ ಇಲ್ಲ, ನೀನೂ ಇಲ್ಲ. ಗೌತಮಿ ಮತ್ತ ಬಣ್ಣ ಕೆಡಸ್ತೀ ಅಂತ ನನ್ನ ಕಾಡಸಿದ್ಲು. ಸಿಟ್ಟು ಮಾಡ್ಕೋಬ್ಯಾಡ.

ಅಲ್ಲಿ ಅಪ್ಪ ಸಿಕ್ರ ನಾ ಕೇಳಿದೆ ಅನ್ನು.

ನಿನ್ನ ಕಾಲಿಗೆ ಬೀಳೋ
ಭೀಮರಾಜ

ತಾ.ಕ.: ಒಂದು ಮಾತು ಉಳೀತು. ಲಕ್ಷ್ಮೀಬಾಯಿಯವ್ರು ನಿನ್ನೇನೇ ಕುರುಗೋಡಿಗೆ ಮಗಳ ಮನಿಗೆ ಹೋದ್ರು. ಬಚ್ಚಲಕ್ಕ ಕೀಲಿ ಐತಿ, ಗ್ಯಾಸ್ ಬಂದ್ ಐತಿ, ನಮ್ಮ ಕಿಟಕಿ ತೆರದೇ ಐತಿ. ಈಗ ಗೌತಮಿ ನಿದ್ದಿಗಣ್ಣಾಗ "ಬಂದೆ ಅವ್ವಾ" ಅಂದ್ಲು. ಹೊದಿಕಿ ಸರಿ ಮಾಡಾಕ ಹೋದೆ. ಆಕಿ ಕೂದ್ಲ ತೊಯ್ದಾವು, ಇನ್ನೂ ಬಿಸಿ ಐತಿ ನೀರು. ಅವ್ವಾ, ಬರೋದಿದ್ರ ನನ್ನ ಕಡಿ ಬಾ. ಆಕೀನ್ನ ಕರೀಬ್ಯಾಡ.