ಯಾಸಿರ್ ನೀರು ಕುಡಿದ ದಿನ

ಸೊಹಾಗ್
೧೯ ಜುಲೈ ೧೯೮೫

ಪ್ರೀತಿಯ ಶಾಕಿರ್,

ಹೇಗಿದ್ದೀರಿ? ಬಾಗ್ದಾದಿನ ಬಿಸಿಲಿಗೆ ಬೆನ್ನಿನ ಬೊಕ್ಕೆಗಳು ಮತ್ತೆ ಎದ್ದಿವೆಯೇ? ಕಟ್ಟಡದ ಮೇಲೆ ನಿಲ್ಲುವಾಗ ತಲೆಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳಿ. ಇಲ್ಲಿ ಅತ್ತೆ ಆರೋಗ್ಯವಾಗಿದ್ದಾರೆ, ಎಮ್ಮೆ ಕರು ಹಾಕಿದೆ. ಯಾಸಿರ್ ಈಗ ಚೆನ್ನಾಗಿದ್ದಾನೆ. ‘ಈಗ’ ಎಂದು ಯಾಕೆ ಬರೆದೆನೆಂದು ಹೇಳುತ್ತೇನೆ.

ಭಾನುವಾರ ಅವನಿಗೆ ವಾಂತಿ ಶುರುವಾಯಿತು, ಸಂಜೆಗೆ ಭೇದಿ. ಅತ್ತೆ ಅವನನ್ನು ನನ್ನ ಮಡಿಲಿಂದ ಕಿತ್ತುಕೊಂಡರು. “ನಿನ್ನ ಹಾಲು ಬಿಸಿಲಿಗೆ ಕೆಟ್ಟಿದೆ ಕಣೇ. ಹಾಕಿದಷ್ಟೂ ಹೊರಗೆ ಬರ್ತಿದೆ. ಹೊಟ್ಟೆ ಒಣಗ್ಲಿ, ತಾನೇ ನಿಲ್ಲುತ್ತೆ” ಎಂದರು. ಹನಿ ನೀರನ್ನೂ ಮುಟ್ಟಿಸಲಿಲ್ಲ. ಬೆಳಿಗ್ಗೆ ಮಗು ಅತ್ತರೆ ಕಣ್ಣೀರಿಲ್ಲ, ನೆತ್ತಿ ಗುಳಿಬಿದ್ದಿತ್ತು, ಹೊಟ್ಟೆಯ ಚರ್ಮ ಹಿಡಿದು ಬಿಟ್ಟರೆ ಹಾಗೇ ನಿಂತಿರುತ್ತಿತ್ತು. ಅತ್ತೆ ಮೇವಿಗೆ ಹೋದದ್ದೇ ತಡ, ಅವನನ್ನು ಶಾಲಿನಲ್ಲಿ ಸುತ್ತಿಕೊಂಡು ಕಾಲುವೆ ದಾರಿಯಲ್ಲಿ ಆಸ್ಪತ್ರೆಗೆ ಓಡಿದೆ.

ನರ್ಸ್ ಇನ್ಸಾಫ್ ಉಪ್ಪು-ಸಕ್ಕರೆ ಪುಡಿಯ ಒಂದು ಪೊಟ್ಟಣ ಒಡೆದು ಲೋಟದ ನೀರಿಗೆ ಕದಡಿ, ಚಮಚ ನನ್ನ ಕೈಗೇ ಕೊಟ್ಟಳು. ಮೂರನೇ ಚಮಚಕ್ಕೆ ಎಲ್ಲ ಕಕ್ಕಿಬಿಟ್ಟ. ನಾನು ಚಮಚ ಕೆಳಗಿಟ್ಟೆ. “ಯಾಕೆ ಇಟ್ಟೆ? ಹತ್ತು ನಿಮಿಷ ತಡಿ, ಮತ್ತೆ ಹಾಕು, ನಿಧಾನಕ್ಕೆ. ಎದೆಹಾಲಂತೂ ನಿಲ್ಲಿಸ್ಲೇಬೇಡ. ಮೈಯ ನೀರು ಬತ್ತಿಯೇ ಮಕ್ಳು ಹೋಗೋದು ಕಣಮ್ಮಾ” ಎಂದು ಗದರಿದಳು. ಮಧ್ಯಾಹ್ನದ ಅಜಾನಿನ ಹೊತ್ತಿಗೆ ಮೊಲೆ ಹಿಡಿದ. ಸ್ವಲ್ಪದರಲ್ಲೇ ನನ್ನ ತೊಡೆ ಬೆಚ್ಚಗಾಯಿತು. ಉಚ್ಚೆ ಕಂಡು ಅಷ್ಟು ಅತ್ತವಳು ಅಲ್ಲಿ ಕೂತ ತಾಯಂದಿರ ಸಾಲಿನಲ್ಲಿ ನಾನೊಬ್ಬಳೇ.

ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ, “ಸರ್ಕಾರದ ಉಪ್ಪುನೀರು ಕುಡಿಸಿ ನನ್ನ ಮೊಮ್ಮಗನ್ನ ಕೊಲ್ಲೋಕೆ ಹೋಗಿದ್ಯಾ?” ಎಂದರು. ನಾನು ಆಸ್ಪತ್ರೆಯಿಂದ ತಂದ ಪೊಟ್ಟಣ ಒಡೆದು ಮುಂದಿನ ಲೋಟ ಕದಡಿದೆ. ಅವರು ನನ್ನ ಜೊತೆ ಉಣ್ಣುವುದನ್ನೇ ಬಿಟ್ಟರು. ನಿನ್ನೆ ಯಾಸಿರ್ ಹಿಸುಕಿದ ಆಲೂಗಡ್ಡೆ ತಿಂದು ನಕ್ಕ. ಅತ್ತೆ ಬಹಳ ಹೊತ್ತು ಅವನನ್ನೇ ನೋಡಿದರು, ಆಮೇಲೆ ಮುಖಕ್ಕೆ ಮುಸುಕೆಳೆದುಕೊಂಡು ಹಿತ್ತಿಲಿಗೆ ಹೋದರು.

ದೇವರು ನಿಮ್ಮ ಕೈಕಾಲು ಗಟ್ಟಿಯಾಗಿಟ್ಟು ಮನೆ ಸೇರಿಸಲಿ. ಅತ್ತೆ ಸಲಾಮ್ ಹೇಳಿದ್ದಾರೆ.

ನಿಮ್ಮ
ನಗಾತ್

ಮರೆತದ್ದು: ಬಾಗ್ದಾದಿಗೆ ಹೊರಟ ಮಹ್ರೂಸ್ ಈ ಕಾಗದಕ್ಕಾಗಿ ಬಾಗಿಲಲ್ಲಿ ಗೊಣಗುತ್ತಿದ್ದಾನೆ. ಹೋದ ವರ್ಷ ನಮ್ಮ ಮಗಳು ಸಫಾ ಜ್ವರದಿಂದ ಹೋದಳೆಂದು ನಿಮಗೆ ಬರೆದಿದ್ದೆ. ಜ್ವರವಲ್ಲ, ಇದೇ ವಾಂತಿಭೇದಿ. ಎರಡು ದಿನ ಅವಳು ನೀರಿನ ಮಡಕೆಯತ್ತ ಕೈ ಚಾಚಿದಳು. ದೂರ ಇಡು ಎಂದವರು ಅತ್ತೆ, ಇಟ್ಟವಳು ನಾನು. ಈಗ ಇಬ್ಬರಿಗೂ ಗೊತ್ತಾಗಿದೆ, ಒಬ್ಬರಿಗೊಬ್ಬರು ಹೇಳಿಕೊಂಡಿಲ್ಲ. ಉತ್ತರದಲ್ಲಿ ಇದರ ಬಗ್ಗೆ ಏನೂ ಬರೆಯಬೇಡಿ. ನಿಮ್ಮ ಕಾಗದಗಳನ್ನು ಅವರಿಗೆ ಓದಿ ಹೇಳುವವಳು ನಾನೇ.