ಎದುರು ಪಕ್ಷದ ವಕೀಲೆ

ಮನೆಯ ಹಿಂದಿನ ಕೋಣೆ,
ಬುಧವಾರ, ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಕಾಲಿನ ಗಾಯ ಹೇಗಿದೆ? ಜ್ವರ ಬಿಟ್ಟಿತೇ? ಪೊಲೀಸರ ದೊಣ್ಣೆ ಏಟಿಗೆ ಬರೀ ಬಿಸಿಬಟ್ಟೆಯ ಶಾಖ ಕೊಟ್ಟುಕೊಂಡು ಅಡಗಿದಲ್ಲೇ ಕೂತಿದ್ದೀಯಂತೆ. ನಿನ್ನ ಕಾಗದ ತಂದ ಟೈಲರ್ ಮಾಮ ಹೇಳಿದರು. ಇದನ್ನು ಒಯ್ಯುವವರೂ ಅವರೇ. ಇಡೀ ಗಿರಣಿಯನ್ನು ಮುಷ್ಕರಕ್ಕೆ ಇಳಿಸಿದವನಿಗೆ ಡಾಕ್ಟರ ಹತ್ತಿರ ಹೋಗು ಎಂದು ನಾನು ಹೇಳಿಕೊಡಬೇಕೇ? ಅಮ್ಮ ಚೆನ್ನಾಗಿದ್ದಾಳೆ ಎಂದು ಬರೆಯಲು ಕೈ ಏಳುತ್ತಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಗೇಟು ಕಿರ್ರೆಂದರೆ ಜೀವ ಬಾಯಿಗೆ ಬರುತ್ತದೆ. ಅಪ್ಪ ಶಾಸಕರೆಂದು ಮನೆ ಕಾವಲಿಗೆ ಪೊಲೀಸಿನವನನ್ನು ಕೂರಿಸಿದ್ದಾರಲ್ಲ, ಮೊನ್ನೆ ಅವನು ನಗುನಗುತ್ತಲೇ ಕೇಳಿದ, ‘ಏನಕ್ಕಾ, ನಿಮ್ಮಣ್ಣ ಈ ಕಡೆ ಬರೋದೇ ಬಿಟ್ಬಿಟ್ರಾ?’ ನಾನೂ ನಗುತ್ತಲೇ, ‘ನಿಮ್ಮ ಮುಖ ನೋಡೋಕೆ ಬರ್ಬೇಕಾ’ ಅಂದೆ. ಒಳಗೆ ಬಂದು ಬಾಗಿಲಿಗೆ ಅಗುಳಿ ಹಾಕಿಕೊಂಡೆ.

ಅಪ್ಪನ ಮೇಲೆ ಇಲ್ಲದ್ದು ಹೊರಿಸಲಾರೆ. ಲಂಚ ಮುಟ್ಟಿದವರಲ್ಲ, ಸುಳ್ಳು ಸಾಕ್ಷಿ ಹೇಳಿಸಿದವರಲ್ಲ. ಆದರೆ ಕರಿಕೋಟು ತೊಟ್ಟು ಆಯುಷ್ಯವೆಲ್ಲ ನಿಂತದ್ದು ಬೀಗದ ಕೈ ಇಟ್ಟುಕೊಂಡವರ ಪರವಾಗಿ. ಬಾಡಿಗೆಯವರನ್ನು ಬೀದಿಗೆ ತಳ್ಳಿದ ಮಾಲೀಕ, ಹೆಂಗಸರ ಕೂಲಿ ನುಂಗಿದ ಗಿರಣಿಯ ಧಣಿ, ಇವರೇ ಅವರ ಕಕ್ಷಿದಾರರು. ‘ಸಮಾಜ ಅಂದ್ರೆ ಹಳೇ ಗೋಡೆ ಕಣೋ, ಒಂದು ಇಟ್ಟಿಗೆ ಕಿತ್ರೆ ಸೂರೇ ಬೀಳುತ್ತೆ’ ಎನ್ನುತ್ತಿದ್ದರು. ಆ ಸೂರಿನಡಿ ಮಲಗುವವರು ಯಾರು, ಬಿಸಿಲಲ್ಲಿ ಬೇಯುವವರು ಯಾರು ಎಂದು ನೀನು ಕೇಳಿದೆ. ಅಂದೇ ಮನೆ ಬಿಟ್ಟೆ. ಅದೇ ಧಣಿಗಳು ಅಪ್ಪನಿಗೆ ಟಿಕೆಟ್ ಕೊಡಿಸಿ ಗೆಲ್ಲಿಸಿದರು. ಈಗ ಧಣಿಗಳಿಗೆ ಬೇಕಾದ ಕಾನೂನನ್ನು ಅಪ್ಪನೇ ಕೂತು ಬರೆಯುತ್ತಿದ್ದಾರೆ. ಅಪ್ಪ ಅದನ್ನು ನಂಬಿಯೇ ಬರೆಯುತ್ತಾರೆ, ಭಯ ಅದಕ್ಕೇ. ಕಳ್ಳನಾಗಿದ್ದರೆ ಬೈದಾದರೂ ಹಗುರಾಗುತ್ತಿದ್ದೆ.

ಅವರ ಹಳೆಯ ಪದ್ಧತಿ ನಿನಗೆ ನೆನಪಿದೆ. ದೊಡ್ಡ ಕೇಸಿನ ಹಿಂದಿನ ದಿನ ಊಟದ ಮೇಜಿನ ಆ ತುದಿಯಲ್ಲಿ ಅಮ್ಮನನ್ನು ನಿಲ್ಲಿಸಿ, ‘ಹೂಂ, ಶುರು ಮಾಡಮ್ಮ, ಎದುರು ಪಕ್ಷದ ವಕೀಲೆ’ ಎನ್ನುವುದು. ಹೈಸ್ಕೂಲಿಗೇ ಓದು ನಿಂತ ಅಮ್ಮ ಅವರ ವಾದವನ್ನು ಅಕ್ಕಿ ಆರಿಸಿದ ಹಾಗೆ ಆರಿಸುತ್ತಿದ್ದಳು. ಕಲ್ಲು ಸಿಕ್ಕಲ್ಲೆಲ್ಲ ಅಪ್ಪ ತಿದ್ದಿಕೊಳ್ಳುತ್ತಿದ್ದರು. ಮನೆಯಲ್ಲಿ ಸೋತೇ ಅವರು ಕೋರ್ಟಿನಲ್ಲಿ ಗೆದ್ದದ್ದು. ಭಾನುವಾರ ಸಂಜೆಯೂ ಅಮ್ಮನನ್ನು ಹಾಗೇ ನಿಲ್ಲಿಸಿದರು. ಶುಕ್ರವಾರ ಮತಕ್ಕೆ ಬರುವ ಮಸೂದೆ: ಮುಷ್ಕರ ಮಾಡಿ ತಲೆತಪ್ಪಿಸಿಕೊಂಡವರಿಗೆ ಆಶ್ರಯ ಕೊಟ್ಟವರಿಗೂ ಜೈಲು. ಅಮ್ಮನ ಮುಖ ನೋಡಬೇಕಿತ್ತು, ಅಷ್ಟು ಬೆಳಗಿತ್ತು. ಸೆರಗಿಗೆ ಕೈ ಒರೆಸಿಕೊಂಡು ಹೇಳಿದಳು, ‘ಇಲ್ಲೊಂದು ತೂತಿದೆ ಸ್ವಾಮಿ. ಹೆತ್ತವಳು ಮಗನಿಗೆ ಒಂದು ತುತ್ತು ಹಾಕೋದು ಆಶ್ರಯ ಅಲ್ಲ. ಯಾವ ಜಡ್ಜೂ ಅವಳನ್ನ ಒಳಗೆ ಹಾಕಲ್ಲ.’ ನಿನ್ನ ಪರ ವಾದಿಸಿ ಗೆದ್ದೆ, ನಿನಗೊಂದು ಬಾಗಿಲು ಉಳಿಸಿದೆ ಎಂದುಕೊಂಡಳು. ಅಪ್ಪ ಕರಡನ್ನು ಮತ್ತೊಮ್ಮೆ ಓದಿದರು. ಆಮೇಲೆ ‘ಭೇಷ್’ ಎಂದರು, ಪೆನ್ಸಿಲ್ ತೆಗೆದು ‘ತಾಯಿ, ತಂದೆ, ಒಡಹುಟ್ಟಿದವರೂ ಸೇರಿ’ ಎಂದು ಸೇರಿಸಿದರು. ಅಮ್ಮ ಇನ್ನೂ ನಿಂತೇ ಇದ್ದಳು. ಕೂತ್ಕೋ ಎಂದು ಹೇಳುವುದನ್ನೂ ಅವರು ಮರೆತರು.

ಆ ಹೊತ್ತಿನಿಂದ ಅಮ್ಮ ಅಪ್ಪನ ಜೊತೆ ಮಾತು ಬಿಟ್ಟಿದ್ದಾಳೆ. ಅಪ್ಪನೂ ನಿನ್ನ ಕೋಣೆಯ ಮುಂದೆ ಎರಡು ಸಲ ನಿಂತು ಹೋದರು. ಬಾಗಿಲು ಮಾತ್ರ ತಳ್ಳಲಿಲ್ಲ. ಶನಿವಾರ ಬರುತ್ತೇನೆ, ಎರಡು ದಿನ ಮಲಗಿ ಕಾಲು ಸರಿ ಮಾಡಿಕೊಳ್ಳುತ್ತೇನೆ ಎಂದು ಬರೆದಿದ್ದೀಯ. ಶುಕ್ರವಾರ ಆ ಮಸೂದೆ ಪಾಸಾಗುತ್ತದೆ, ಕೈ ಎತ್ತುವವರು ಸಾಲುಗಟ್ಟಿದ್ದಾರೆ. ರಾಜ್ಯಪಾಲರ ಸಹಿಯೂ ಅದೇ ರಾತ್ರಿ ಬೀಳುತ್ತದಂತೆ. ಶನಿವಾರ ಈ ಮನೆ ನಿನ್ನ ಪಾಲಿಗೆ ಠಾಣೆ. ಬರಬೇಡ.

ಮೈ ಕಡೆ ಜೋಪಾನ. ಗಿರಣಿಯ ಅಕ್ಕಂದಿರಿಗೆ ನನ್ನ ನೆನಪು ಹೇಳು, ಸೋಲಬೇಡಿ ಅಂತಲೂ ಹೇಳು. ಓದಿ ಇದನ್ನು ಒಲೆಗೆ ಹಾಕು.

ನಿನ್ನ ತಂಗಿ,
ಜಗಳಗಂಟಿ

ತಾ.ಕ.: ಟೈಲರ್ ಮಾಮ ಕಾಯುತ್ತಿದ್ದಾರೆ, ಬೇಗ ಗೀಚುತ್ತೇನೆ. ಅಮ್ಮನೂ ಅವರ ಕೈಗೆ ಚೀಟಿ ಕೊಟ್ಟಿದ್ದಾಳಂತೆ, ಶನಿವಾರ ತಪ್ಪದೆ ಬಾ ಎಂದು. ಕೇಳಿದ್ದಕ್ಕೆ ತರಕಾರಿ ಹೆಚ್ಚುತ್ತಲೇ ಅಂದಳು, ‘ಬರ್ಲಿ. ಮುಂಬಾಗಿಲೇ ತೆಗೀತೀನಿ, ಆ ಪೊಲೀಸಿನವನು ಕಣ್ತುಂಬ ನೋಡ್ಲಿ. ಅವರ ಕಾನೂನಿನ ಮೊದಲನೇ ಕೇಸು ನನ್ದೇ ಆಗ್ಲಿ.’ ತಮಾಷೆ ಅಲ್ಲ ಅಣ್ಣಾ. ಎರಡು ಜೊತೆ ಬಟ್ಟೆ, ಕನ್ನಡಕ, ಬಿಪಿ ಮಾತ್ರೆ ಚೀಲಕ್ಕೆ ತುಂಬಿ ಬಾಗಿಲ ಪಕ್ಕ ಇಟ್ಟಿದ್ದಾಳೆ. ಅಪ್ಪ ಅದನ್ನು ನೋಡಿದರು, ದಾಟಿಕೊಂಡು ಸದನಕ್ಕೆ ಹೋದರು. ಅವಳ ಚೀಟಿ ನಂಬಬೇಡ. ನೀನು ಬಂದರೆ ಅವಳು ಮುಂಬಾಗಿಲು ತೆಗೆದೇ ತೆಗೆಯುತ್ತಾಳೆ.